ರಾತ್ರಿ ಕಾರು ಎಲ್ಲಿ ನಿಲ್ಲಿಸ್ತೀಯ?

ಕಳೆದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ. ಕುಶಲ ವಿಚಾರಿಸಿದ್ದು ಅರ್ಧ ನಿಮಿಷ. ಆಮೇಲೆ ನೇರ ವಿಷಯಕ್ಕೆ ಬಂದ.

"ಅಣ್ಣ, ನೀನು ಪ್ಲಗ್-ಇನ್ ಹೈಬ್ರಿಡ್ ಓಡಿಸ್ತಾ ಎರಡು ವರ್ಷ ಆಯ್ತಲ್ಲ. ನಾನೂ ತಗೊಳ್ಳಲಾ, ಬೇಡ್ವಾ? ಹೂಂ ಅಥವಾ ಊಹೂಂ, ಅಷ್ಟು ಹೇಳು ಸಾಕು."

"ರಾತ್ರಿ ಕಾರು ಎಲ್ಲಿ ನಿಲ್ಲಿಸ್ತೀಯ?" ಅಂದೆ.

"ಕೆಳಗಡೆ ಪಾರ್ಕಿಂಗ್‌ನಲ್ಲಿ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಸಂಬಂಧ ಇದೆ. ಮಾಮೂಲಿ ಪೆಟ್ರೋಲ್ ಕಾರು ತಗೊಳ್ಳುವಾಗ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಬೀದಿಯಲ್ಲಿ ನಿಲ್ಲಿಸಿ, ಶೆಡ್ಡಿನಲ್ಲಿ ನಿಲ್ಲಿಸಿ, ಅದರ ಮೈಲೇಜ್ ಬದಲಾಗುವುದಿಲ್ಲ. ಪ್ಲಗ್-ಇನ್ ಹೈಬ್ರಿಡ್, ಅಂದರೆ ಪೆಟ್ರೋಲ್ ಜೊತೆಗೆ ಗೋಡೆಯ ಸಾಕೆಟ್ಟಿನ ಕರೆಂಟಿನಲ್ಲೂ ಓಡುವ ಕಾರು, ಹಾಗಲ್ಲ. ಒಂದೇ ಮಾಡೆಲ್, ಒಂದೇ ಬಣ್ಣ, ಒಂದೇ ದಿನ ಶೋರೂಮ್ ಬಿಟ್ಟ ಎರಡು ಕಾರುಗಳನ್ನು ಊಹಿಸಿಕೊಳ್ಳಿ. ಒಂದು ತಿಂಗಳುಗಟ್ಟಲೆ ಪೆಟ್ರೋಲ್ ಬಂಕಿನ ಮುಖ ನೋಡದೆ ಇರಬಹುದು. ಇನ್ನೊಂದು ವಾರ ವಾರ ಟ್ಯಾಂಕ್ ಖಾಲಿ ಮಾಡಿಕೊಂಡು ಬರಬಹುದು. ಎರಡರಲ್ಲೂ ಕಾರಿನದ್ದೇನೂ ತಪ್ಪಿಲ್ಲ. ಒಂದು ಸಾಕೆಟ್ಟಿನ ಪಕ್ಕ ಮಲಗುತ್ತದೆ, ಇನ್ನೊಂದು ಮಲಗುವುದಿಲ್ಲ, ಅಷ್ಟೇ.

ಹೈಬ್ರಿಡ್ ಅನ್ನುವ ಪದವೇ ಸ್ವಲ್ಪ ಗೋಜಲು. ಅದಕ್ಕೇ ಒಂದೆರಡು ಮಾತು ಹೇಳಿಬಿಡುತ್ತೇನೆ. ಮಾಮೂಲಿ ಹೈಬ್ರಿಡ್ ಕಾರಿನಲ್ಲಿ ಚಿಕ್ಕ ಬ್ಯಾಟರಿ ಇರುತ್ತದೆ, ಹೆಚ್ಚೆಂದರೆ ಒಂದೋ ಎರಡೋ ಯೂನಿಟ್ ಕರೆಂಟ್ ಹಿಡಿಸುವಂಥದ್ದು. ಬ್ರೇಕ್ ಹಾಕಿದಾಗ ಸುಮ್ನೆ ಬಿಸಿಯಾಗಿ ಹೋಗುವ ಶಕ್ತಿಯನ್ನು ಅದು ಹಿಡಿದಿಟ್ಟುಕೊಂಡು, ಕಾರು ಮತ್ತೆ ಹೊರಡುವಾಗ ವಾಪಸ್ ಕೊಡುತ್ತದೆ. ಹೊರಗಿನ ಕರೆಂಟ್ ಬೇಕಿಲ್ಲ. 1997ರ ಡಿಸೆಂಬರ್‌ನಲ್ಲಿ ಟೊಯೋಟಾ ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟ ಪ್ರಿಯಸ್ ಈ ಜಾತಿಯದ್ದು. ಪ್ಲಗ್-ಇನ್ ಅಂದರೆ ಅದೇ ವಂಶದ, ಆದರೆ ಹೊಟ್ಟೆ ದೊಡ್ಡದಿರುವ ಕಾರು. ಬ್ಯಾಟರಿ ಸಾಮಾನ್ಯವಾಗಿ 10ರಿಂದ 20 ಯೂನಿಟ್ ಹಿಡಿಸುತ್ತದೆ. ಗೋಡೆಯ ಸಾಕೆಟ್ಟಿಗೆ ವೈರು ಚುಚ್ಚಿ ಚಾರ್ಜ್ ಹಾಕಬೇಕು. ಹಾಕಿದರೆ 40ರಿಂದ 80 ಕಿಲೋಮೀಟರ್ ಎಂಜಿನ್ ಸ್ಟಾರ್ಟ್ ಆಗದೆ ಓಡುತ್ತದೆ. ಹೊಸ ಮಾಡೆಲ್‌ಗಳಲ್ಲಿ ಕೆಲವು 100 ದಾಟುತ್ತವೆ. ಆಮೇಲೆ ಎಂಜಿನ್ ಎಚ್ಚರಾಗುತ್ತದೆ, ಕಾರು ಮಾಮೂಲಿ ಹೈಬ್ರಿಡ್ ಆಗಿಬಿಡುತ್ತದೆ.

ಎರಡು ಶಕ್ತಿ ಒಂದೇ ಗಾಡಿಯಲ್ಲಿ ಅನ್ನುವ ಯೋಚನೆ ಹೊಸದೇನಲ್ಲ. ಫರ್ಡಿನಾಂಡ್ ಪೋರ್ಷೆ 1900ರ ಹೊತ್ತಿಗೇ ಪೆಟ್ರೋಲ್ ಎಂಜಿನ್‌ನಿಂದ ಕರೆಂಟ್ ಮಾಡಿ, ಚಕ್ರದೊಳಗೆ ಕೂರಿಸಿದ ಮೋಟಾರ್‌ಗಳಿಂದ ಓಡುವ ಗಾಡಿ ಕಟ್ಟಿದ್ದ. ವೈರು ಚುಚ್ಚುವ ಹೈಬ್ರಿಡ್ ಫ್ಯಾಕ್ಟರಿಯಿಂದ ಸಾಲಾಗಿ ಹೊರಬರಲು ಮಾತ್ರ ಇನ್ನೂ 100 ವರ್ಷದ ಮೇಲೆ ಹಿಡಿಯಿತು. 2008ರ ಡಿಸೆಂಬರ್‌ನಲ್ಲಿ ಚೀನಾದ ಬಿವೈಡಿ ತನ್ನ ಎಫ್3ಡಿಎಂ ಬಿಟ್ಟಿತು. ಎರಡು ವರ್ಷ ಬಿಟ್ಟು, 2010ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ ಶೆವರ್ಲೆ ವೋಲ್ಟ್ ಬಂತು. 16 ಯೂನಿಟ್ ಬ್ಯಾಟರಿ, ಕರೆಂಟ್‌ನಲ್ಲೇ ಸುಮಾರು 56 ಕಿಲೋಮೀಟರ್. ಇವತ್ತಿನ ಎಷ್ಟೋ ಪ್ಲಗ್-ಇನ್‌ಗಳು ಅದರ ಆಸುಪಾಸಿನಲ್ಲೇ ಇವೆ ಅನ್ನುವುದು ಸ್ವಲ್ಪ ಆಶ್ಚರ್ಯವೇ.

ಇನ್ನು ನನ್ನ ನೋಟ್‌ಬುಕ್ಕಿನ ಕಥೆ.

ಕಾರು ತಗೊಳ್ಳುವ ಮೊದಲು ಒಂದು ತಿಂಗಳು ನಾನೊಂದು ಕೆಲಸ ಮಾಡಿದೆ. ಹಳೆ ಪೆಟ್ರೋಲ್ ಕಾರಿನಲ್ಲಿ ಒಂದು ಪುಟ್ಟ ನೋಟ್‌ಬುಕ್, ಅದರ ಸುರುಳಿಗೆ ಸಿಕ್ಕಿಸಿದ ಗಿಡ್ಡ ಪೆನ್ಸಿಲ್. ಪ್ರತಿ ರಾತ್ರಿ ಕಾರು ಆಫ್ ಮಾಡುವ ಮುಂಚೆ ಮೀಟರ್ ನೋಡಿ ಅವತ್ತಿನ ಕಿಲೋಮೀಟರ್ ಬರೆಯುವುದು. ಮನೆಯವರಿಗೆ ತಮಾಷೆ. "ಲೆಕ್ಕದ ಮೇಷ್ಟ್ರು ಬಂದ್ರು" ಅನ್ನುತ್ತಿದ್ದರು. ಎರಡು ರಾತ್ರಿ ಮರೆತು, ಬೆಳಿಗ್ಗೆ ಎದ್ದು ಅಂದಾಜಿನಲ್ಲಿ ಬರೆದದ್ದೂ ಇದೆ.

ತಿಂಗಳ ಕೊನೆಯಲ್ಲಿ ಪುಟ ಹೀಗಿತ್ತು. ಆಫೀಸಿಗೆ ಹೋದ 22 ದಿನ, ದಿನಕ್ಕೆ ಹೆಚ್ಚುಕಡಿಮೆ 34 ಕಿಲೋಮೀಟರ್. ಮನೆಯ ಸುತ್ತಮುತ್ತ ಸುಮ್ನೆ ಓಡಾಡಿದ 5 ದಿನ, ದಿನಕ್ಕೆ 10. ದೂರ ಹೋದ ದಿನ ಮೂರೇ ಮೂರು. ಅದರಲ್ಲಿ ಒಂದು ವಾರಾಂತ್ಯ ಹೋಗಲು 310, ಬರಲು 310. ಇನ್ನೊಂದು ದಿನ 180.

ಪುಟ ನೋಡಿದ ತಕ್ಷಣ ಖುಷಿಯಾಯಿತು. ನಾನು ನೋಡಿಟ್ಟಿದ್ದ ಕಾರು ಕರೆಂಟ್‌ನಲ್ಲಿ ನಿಜವಾಗಿ 50 ಕಿಲೋಮೀಟರ್ ಓಡುತ್ತದೆ ಅಂದುಕೊಂಡರೂ, 30 ದಿನದಲ್ಲಿ 27 ದಿನ ಪೆಟ್ರೋಲ್ ಮುಟ್ಟುವ ಹಾಗಿಲ್ಲ! 100ಕ್ಕೆ 90 ದಿನ ಎಲೆಕ್ಟ್ರಿಕ್. ಶೋರೂಮ್‌ನ ಹುಡುಗ ಹೇಳಿದ್ದೂ ಇದನ್ನೇ. "ಸರ್, ನಿಮ್ಮಂಥವರಿಗೆ ಅಂತಲೇ ಮಾಡಿದ್ದು."

ರಾತ್ರಿ ಮಲಗುವಾಗ ಏನೋ ತಪ್ಪಿದೆ ಅನ್ನಿಸಿತು. ಎದ್ದು ಮತ್ತೆ ಕೂಡಿದೆ. ಪೆಟ್ರೋಲ್ ಖರ್ಚಾಗುವುದು ಕಿಲೋಮೀಟರ್ ಲೆಕ್ಕದಲ್ಲಿ ತಾನೇ, ದಿನದ ಲೆಕ್ಕದಲ್ಲಲ್ಲವಲ್ಲ? ಆಫೀಸಿನ ಓಡಾಟ 748, ಚಿಲ್ಲರೆ ಓಡಾಟ 50, ದೂರದ್ದು 800. ಒಟ್ಟು 1598. ಆ ಮೂರು ದಿನ ನನ್ನ ತಿಂಗಳ ಅರ್ಧ ಕಿಲೋಮೀಟರ್‌ಗಳನ್ನು ನುಂಗಿದ್ದವು! ದೂರ ಹೊರಡುವ ಬೆಳಿಗ್ಗೆ ಬ್ಯಾಟರಿ ತುಂಬಿರುತ್ತದೆ, ಎರಡು ಪಯಣಕ್ಕೂ ಅದರ 50–50 ಸೇರಿಸಿದರೂ (ಊರು ಬಿಟ್ಟು ತಂಗಿದಲ್ಲಿ ಚಾರ್ಜ್ ಸಿಗಲಿಲ್ಲ ಅಂತಿಟ್ಟುಕೊಳ್ಳಿ) ಕರೆಂಟ್‌ನಲ್ಲಿ ಓಡುವುದು 898. ಅಂದರೆ 100ಕ್ಕೆ 56. ದಿನದ ಲೆಕ್ಕದಲ್ಲಿ 90, ಕಿಲೋಮೀಟರ್ ಲೆಕ್ಕದಲ್ಲಿ 56. ಎರಡೂ ನಿಜ. ಆದರೆ ಬಿಲ್ ಬರುವುದು ಎರಡನೆಯದಕ್ಕೆ.

ನಮ್ಮ ನೆನಪು ಮೋಸ ಮಾಡುವುದು ಇಲ್ಲೇ. "ನಾನು ದಿನಾ ಹೋಗೋದು 30 ಕಿಲೋಮೀಟರ್ ಅಷ್ಟೇ" ಅಂತ ಎಲ್ಲರೂ ಹೇಳುತ್ತೇವೆ. ಅದು ಸುಳ್ಳಲ್ಲ. ಆದರೆ ತಿಂಗಳಿಗೊಮ್ಮೆ, ಹಬ್ಬಕ್ಕೊಮ್ಮೆ ಹೋಗುವ ದೂರದ ಪಯಣ ಆ ಮಾತಿನೊಳಗೆ ಬರುವುದೇ ಇಲ್ಲ.

ಈಗ ಪೆಟ್ರೋಲ್ ಮತ್ತು ಕರೆಂಟ್ ಹೋಲಿಸುವುದು ಹೇಗೆ ಅಂತ ನೋಡೋಣ. ಬೆಲೆ ಒಂದೊಂದು ಕಡೆ ಒಂದೊಂದು, ಇವತ್ತೊಂದು ನಾಳೆಯೊಂದು. ಹಾಗಾಗಿ ನಾನು ಬೆಲೆ ಬಿಟ್ಟು ಬರೀ ಲೀಟರ್, ಯೂನಿಟ್‌ನಲ್ಲೇ ಲೆಕ್ಕ ಹಾಕುತ್ತೇನೆ. ಸಾಮಾನ್ಯ ಗಾತ್ರದ ಪೆಟ್ರೋಲ್ ಕಾರಿಗೆ 100 ಕಿಲೋಮೀಟರ್‌ಗೆ ಆರೂವರೆ ಲೀಟರ್ ಬೇಕು ಅಂತಿಟ್ಟುಕೊಳ್ಳಿ. ಅಷ್ಟೇ ಗಾತ್ರದ ಪ್ಲಗ್-ಇನ್ ಕರೆಂಟ್‌ನಲ್ಲಿ ಓಡಿದರೆ 100 ಕಿಲೋಮೀಟರ್‌ಗೆ ಸುಮಾರು 20 ಯೂನಿಟ್. ಚಾರ್ಜ್ ಹಾಕುವಾಗ ಬಿಸಿಯಾಗಿ ಸೋರಿಹೋಗುವುದೂ ಇದರಲ್ಲಿ ಸೇರಿದೆ. ಭಾಗಿಸಿದರೆ ಒಂದು ಲೀಟರ್ ಪೆಟ್ರೋಲ್‌ಗೆ ಮೂರು ಯೂನಿಟ್ ಕರೆಂಟ್ ಸಮ.

ಇದು ನನಗೆ ಮೊದಲು ನಂಬಲಾಗಲಿಲ್ಲ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಇರುವ ಶಕ್ತಿ ಸುಮಾರು 9 ಯೂನಿಟ್‌ನಷ್ಟು. ಹಾಗಾದರೆ ಮೂರೇ ಯೂನಿಟ್ ಅದಕ್ಕೆ ಹೇಗೆ ಸಮ? ಯಾಕೆಂದರೆ ಎಂಜಿನ್ ಮೂಲತಃ ಒಂದು ಒಲೆ. ಉರಿಸಿದ್ದರಲ್ಲಿ ಹೆಚ್ಚಿನ ಪಾಲು ರೇಡಿಯೇಟರ್‌ನಿಂದ, ಸೈಲೆನ್ಸರ್‌ನಿಂದ ಬಿಸಿಯಾಗಿ ಹೊರಗೆ ಹೋಗುತ್ತದೆ. ದಿನನಿತ್ಯದ ಓಡಾಟದಲ್ಲಿ ಚಕ್ರಕ್ಕೆ ಮುಟ್ಟುವುದು ಕಾಲು ಭಾಗ, ಅಬ್ಬಬ್ಬಾ ಅಂದರೆ ಮೂರನೇ ಒಂದು. ಮೋಟಾರ್ ಮಾತ್ರ ಕೊಟ್ಟಿದ್ದರಲ್ಲಿ ಬಹುಪಾಲನ್ನು ಚಕ್ರಕ್ಕೇ ಹಾಕುತ್ತದೆ. ಹಾಗಾಗಿ ನಿಮ್ಮ ಮನೆಯ ಮೂರು ಯೂನಿಟ್ ಕರೆಂಟಿನ ಬೆಲೆ ಒಂದು ಲೀಟರ್ ಪೆಟ್ರೋಲ್‌ಗಿಂತ ಎಷ್ಟು ಕಡಿಮೆಯೋ, ಅಷ್ಟು ಲಾಭ. ಕೆಲವು ಊರಿನಲ್ಲಿ ಅದು ತುಂಬಾ ಕಡಿಮೆ. ಸಾರ್ವಜನಿಕ ಚಾರ್ಜರ್‌ನಲ್ಲಿ ಹಾಕಿಸಿದರೆ ಕೆಲವು ಸಲ ಲಾಭವೇ ಇರುವುದಿಲ್ಲ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಶೋರೂಮ್‌ನವರು ಹೋಲಿಸಿ ತೋರಿಸುವುದು ಬರೀ ಪೆಟ್ರೋಲ್ ಕಾರಿನ ಜೊತೆ. ಪ್ಲಗ್-ಇನ್‌ಗೆ ಅಷ್ಟು ದುಡ್ಡು ಕೊಡಲು ತಯಾರಿರುವವನು ಅದಕ್ಕಿಂತ ಅಗ್ಗದ ಮಾಮೂಲಿ ಹೈಬ್ರಿಡ್ ಕೂಡ ತಗೊಳ್ಳಬಹುದಲ್ವಾ? ಅದರ ಜೊತೆ ಹೋಲಿಸಿ ನೋಡಿ. ನನ್ನ ನೋಟ್‌ಬುಕ್ಕಿನ 1598 ಕಿಲೋಮೀಟರ್‌ಗೆ ಪೆಟ್ರೋಲ್ ಕಾರು ಸುಮಾರು 104 ಲೀಟರ್ ಕುಡಿಯುತ್ತದೆ. 100ಕ್ಕೆ 4.8 ಲೀಟರ್ ಕುಡಿಯುವ ಮಾಮೂಲಿ ಹೈಬ್ರಿಡ್‌ಗೆ 77 ಲೀಟರ್ ಸಾಕು. ಪ್ಲಗ್-ಇನ್‌ಗೆ ಬೇಕಾದ್ದು ಎಂಜಿನ್ ಓಡುವ 700 ಕಿಲೋಮೀಟರ್‌ಗೆ 36 ಲೀಟರ್, ಕರೆಂಟ್‌ನ 898ಕ್ಕೆ 180 ಯೂನಿಟ್. ಅಂದರೆ ಪೆಟ್ರೋಲ್ ಕಾರಿನ ಮುಂದೆ 68 ಲೀಟರ್ ಉಳಿತಾಯ, ಹೈಬ್ರಿಡ್‌ನ ಮುಂದೆ 41 ಲೀಟರ್ ಮಾತ್ರ. ಎರಡಕ್ಕೂ ಕೊಡಬೇಕಾದ ಯೂನಿಟ್ ಅಷ್ಟೇ, 180. ಮೊದಲನೆಯದರಲ್ಲಿ ಒಂದು ಲೀಟರ್ ಉಳಿಸಲು ಎರಡೂವರೆ ಯೂನಿಟ್ ಚಿಲ್ಲರೆ ಹೋದರೆ, ಎರಡನೆಯದರಲ್ಲಿ ನಾಲ್ಕೂವರೆ ಹತ್ತಿರ. ಲಾಭ ಇದೆ, ಆದರೆ ಜಾಹೀರಾತಿನಲ್ಲಿ ಕಾಣುವಷ್ಟು ಕೊಬ್ಬಿಲ್ಲ.

ಆಮೇಲೆ ಎರಡು ಕಾರಿನ ಬೆಲೆಯ ವ್ಯತ್ಯಾಸವನ್ನು ತಿಂಗಳ ಉಳಿತಾಯದಿಂದ ಭಾಗಿಸಿ. ಬಂದ ಸಂಖ್ಯೆ ನೀವು ಕಾರು ಇಟ್ಟುಕೊಳ್ಳುವ ತಿಂಗಳಿಗಿಂತ ಜಾಸ್ತಿ ಇದ್ದರೆ, ಪ್ಲಗ್-ಇನ್ ತಗೊಳ್ಳಲು ನಿಮಗೆ ಬೇರೆ ಕಾರಣ ಬೇಕು. ನನಗೆ ಬಂದ ಸಂಖ್ಯೆ ಅಂಚಿನಲ್ಲಿತ್ತು. ನನ್ನನ್ನು ಆ ಕಡೆಗೆ ತಳ್ಳಿದ್ದು ಬೇರೆಯೇ ವಿಷಯ, ಅದನ್ನು ಆಮೇಲೆ ಹೇಳುತ್ತೇನೆ.

ಇದೆಲ್ಲ ದಿನಾ ಚಾರ್ಜ್ ಹಾಕುವವನ ಲೆಕ್ಕ. ಹಾಕದವನದ್ದು?

ನನ್ನ ಸ್ನೇಹಿತನೊಬ್ಬನಿಗೆ ಅವನ ಕಂಪನಿ ಪ್ಲಗ್-ಇನ್ ಹೈಬ್ರಿಡ್ ಕೊಟ್ಟಿತ್ತು. ಒಮ್ಮೆ ಎಲ್ಲೋ ಹೋಗುವಾಗ ನನ್ನ ಬ್ಯಾಗ್ ಇಡಲು ಅವನ ಡಿಕ್ಕಿ ತೆಗೆದೆ. ಮೂಲೆಯಲ್ಲಿ ಚಾರ್ಜಿಂಗ್ ಕೇಬಲ್. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ, ಫ್ಯಾಕ್ಟರಿಯಲ್ಲಿ ಹಾಕಿದ ಸೀಲ್ ಹಾಗೇ ಇತ್ತು. ಕೇಬಲ್ ಸುತ್ತಿ ಕಟ್ಟಿದ್ದ ಪಟ್ಟಿಯನ್ನೂ ಬಿಚ್ಚಿರಲಿಲ್ಲ. ಕಾರಿಗೆ ಆಗ ಒಂದೂವರೆ ವರ್ಷ. "ಇದೇನೋ ಮಾರಾಯ?" ಅಂದೆ. "ಪೆಟ್ರೋಲ್ ಕಾರ್ಡ್ ಕಂಪನಿದು, ಕರೆಂಟ್ ಬಿಲ್ ನಂದು. ನೀನಾಗಿದ್ರೆ ಏನ್ ಮಾಡ್ತಿದ್ದೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನನ್ನು ಬೈಯ್ಯುವುದು ಸುಲಭ. ಆದರೆ ಆ ಏರ್ಪಾಡು ಮಾಡಿದವರನ್ನು ಮೊದಲು ಕೇಳಬೇಕು.

ಅವನೊಬ್ಬನೇ ಅಲ್ಲ. ಯುರೋಪಿನಲ್ಲಿ ಇದನ್ನು ಸರಿಯಾಗಿ ಅಳೆದಿದ್ದಾರೆ. 2022ರಲ್ಲಿ, ವಾಹನಗಳ ಹೊಗೆಯ ಬಗ್ಗೆ ಅಧ್ಯಯನ ಮಾಡುವ ಐಸಿಸಿಟಿ ಮತ್ತು ಜರ್ಮನಿಯ ಸಂಶೋಧನಾ ಸಂಸ್ಥೆಯಾದ ಫ್ರೌನ್‌ಹೋಫರ್ ಸಂಸ್ಥೆಯವರು ಸೇರಿ ಮಾಡಿದ ಅಧ್ಯಯನದ ಪ್ರಕಾರ, ಸ್ವಂತ ದುಡ್ಡಿನಲ್ಲಿ ತಗೊಂಡ ಪ್ಲಗ್-ಇನ್‌ಗಳು ತಮ್ಮ ಓಟದ 45ರಿಂದ 49 ಶೇಕಡಾವನ್ನು ಕರೆಂಟ್‌ನಲ್ಲಿ ಓಡಿಸಿದ್ದವು. ಕಂಪನಿ ಕೊಟ್ಟ ಕಾರುಗಳು 11ರಿಂದ 15 ಶೇಕಡಾ! ಅದೇ ಕಾರು, ಅದೇ ಬ್ಯಾಟರಿ. ಬಿಲ್ ಯಾರ ಜೇಬಿಗೆ ಬರುತ್ತದೆ ಅನ್ನುವುದಷ್ಟೇ ಬೇರೆ.

2024ರಲ್ಲಿ ಯುರೋಪಿಯನ್ ಕಮಿಷನ್ ಇನ್ನೂ ದೊಡ್ಡ ಲೆಕ್ಕ ಹೊರಗಿಟ್ಟಿತು. ಅಲ್ಲಿ ಹೊಸ ಕಾರುಗಳು ಎಷ್ಟು ಇಂಧನ ಕುಡಿದವು ಅನ್ನುವುದನ್ನು ಕಾರಿನೊಳಗಿನ ಮೀಟರೇ ಬರೆದಿಟ್ಟುಕೊಳ್ಳಬೇಕು ಅನ್ನುವ ನಿಯಮವಿದೆ. ಹಾಗೆ 2021ರಲ್ಲಿ ನೋಂದಣಿಯಾದ ಸುಮಾರು 6 ಲಕ್ಷ ವಾಹನಗಳ ಮಾಹಿತಿ ನೋಡಿದರು. ಪೆಟ್ರೋಲ್, ಡೀಸೆಲ್ ಕಾರುಗಳು ಮಾರಾಟಕ್ಕೆ ಮುಂಚೆ ಲ್ಯಾಬಿನಲ್ಲಿ ಮಾಡುವ ಪರೀಕ್ಷೆಯಲ್ಲಿ ಹೇಳಿದ್ದಕ್ಕಿಂತ ಸುಮಾರು 20 ಶೇಕಡಾ ಜಾಸ್ತಿ ಹೊಗೆ ಬಿಟ್ಟಿದ್ದವು. ಅದು ಎಲ್ಲರಿಗೂ ಗೊತ್ತಿರುವ ಸುಳ್ಳೇ. ಪ್ಲಗ್-ಇನ್‌ಗಳು ಮಾತ್ರ ಪರೀಕ್ಷೆಯ ಲೆಕ್ಕದ ಮೂರೂವರೆ ಪಟ್ಟು!

ಪರೀಕ್ಷೆಯವರು ಯಾರನ್ನೂ ಬೇಕೆಂದು ಯಾಮಾರಿಸಿದ್ದಲ್ಲ. ಡಬ್ಲ್ಯುಎಲ್‌ಟಿಪಿ ಅನ್ನುವ ಆ ಪರೀಕ್ಷೆಯಲ್ಲಿ, ಇಷ್ಟು ದೂರ ಕರೆಂಟ್‌ನಲ್ಲಿ ಓಡಬಲ್ಲ ಕಾರಿಗೆ ಜನ ಇಷ್ಟು ಪಾಲು ಚಾರ್ಜ್ ಹಾಕಿಯೇ ಓಡಿಸುತ್ತಾರೆ ಅಂತ ಒಂದು ಅಂದಾಜು ಇದೆ. ಆ ಅಂದಾಜಿನ ಜನ ನಮ್ಮ ನಿಮ್ಮಂಥವರಲ್ಲ. ದಿನಾ ರಾತ್ರಿ ತಪ್ಪದೆ ವೈರು ಚುಚ್ಚುವ, ಅಪರೂಪಕ್ಕೂ ದೂರ ಹೋಗದ ಮಹಾ ಶಿಸ್ತಿನವರು. 2025ರಿಂದ ಆ ಲೆಕ್ಕವನ್ನು ಅಲ್ಲಿ ಬಿಗಿ ಮಾಡುತ್ತಿದ್ದಾರೆ. ಆದರೂ ಬ್ರೋಷರ್‌ನಲ್ಲಿ "100 ಕಿಲೋಮೀಟರ್‌ಗೆ ಒಂದೂವರೆ ಲೀಟರ್" ಅಂತ ಅಚ್ಚು ಹಾಕಿರುವುದನ್ನು ನೋಡಿದರೆ ನಕ್ಕು ಮುಂದೆ ಹೋಗಿ. ಪ್ಲಗ್-ಇನ್‌ಗೆ ಮೈಲೇಜ್ ಅಂತ ಒಂದು ಸಂಖ್ಯೆಯೇ ಇಲ್ಲ. ಬ್ಯಾಟರಿ ಖಾಲಿಯಾದ ಮೇಲೆ ಎಷ್ಟು ಕುಡಿಯುತ್ತದೆ ಅಂತ ಕೇಳಿ. ಅದಕ್ಕೆ ನೇರ ಉತ್ತರ ಸಿಗದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮಾಮೂಲಿ ಕಾರಿನಿಂದ ಇದಕ್ಕೆ ಬಂದವನಿಗೆ ಮೊದಲ ವಾರ ಏನೇನು ಅನ್ನಿಸುತ್ತದೆ ಅನ್ನುವುದನ್ನೂ ಹೇಳಬೇಕು. ಇವನ್ನು ಯಾರೂ ಮುಂಚೆ ಹೇಳುವುದಿಲ್ಲ.

ಡಿಕ್ಕಿ ಚಿಕ್ಕದು. ಬ್ಯಾಟರಿಗೆ ಎಲ್ಲೋ ಜಾಗ ಬೇಕಲ್ಲ. ಸ್ಟೆಪ್ನಿ ಇರಲಿಲ್ಲ, ಬದಲಿಗೆ ಒಂದು ಗಾಳಿ ತುಂಬುವ ಪಂಪು ಮತ್ತು ಅಂಟಿನ ಡಬ್ಬಿ. ಪೆಟ್ರೋಲ್ ಟ್ಯಾಂಕ್ ಕೂಡ ಅದೇ ಮಾಡೆಲ್‌ನ ಪೆಟ್ರೋಲ್ ಕಾರಿಗಿಂತ ಚಿಕ್ಕದು. ಕಾರು ಸುಮಾರು ಇನ್ನೂರು ಕಿಲೋ ಜಾಸ್ತಿ ತೂಗುತ್ತದೆ. ಮೂವರು ಯಾವಾಗಲೂ ಹಿಂದೆ ಕೂತಿದ್ದಾರೆ ಅನ್ನುವ ಹಾಗೆ. ತಿರುವಿನಲ್ಲಿ ಅದು ಗೊತ್ತಾಗುತ್ತದೆ, ಟೈರ್ ಸವೆತದಲ್ಲೂ ಗೊತ್ತಾಗುತ್ತದೆ. ಬ್ರೇಕ್ ಪ್ಯಾಡ್ ಮಾತ್ರ ಸವೆಯುವುದೇ ಇಲ್ಲ ಅನ್ನಬಹುದು, ಯಾಕೆಂದರೆ ನಿಲ್ಲಿಸುವ ಕೆಲಸ ಬಹುಪಾಲು ಮೋಟಾರಿನದು. ಎಷ್ಟರಮಟ್ಟಿಗೆ ಅಂದರೆ, ಮಳೆಗಾಲದಲ್ಲಿ ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿದು ಕರಕರ ಅಂತಿತ್ತು. ಮೆಕ್ಯಾನಿಕ್ ನೋಡಿ, "ಆಗಾಗ ಸ್ವಲ್ಪ ಗಟ್ಟಿಯಾಗಿ ಬ್ರೇಕ್ ಹಾಕ್ರಿ, ತುಕ್ಕು ಉಜ್ಜಿಹೋಗ್ಲಿ" ಅಂದ.

ಮೊದಲ ಸಲ ಪೆಟ್ರೋಲ್ ಹಾಕಿಸಿದ್ದು ದೊಡ್ಡ ತಮಾಷೆ. ಬಂಕಿನಲ್ಲಿ ನಿಲ್ಲಿಸಿದರೆ ಮುಚ್ಚಳ ತೆಗೆಯುತ್ತಿಲ್ಲ. ಬಂಕಿನ ಹುಡುಗ ಬಡಿದ, ನಾನು ಬಡಿದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಕೊನೆಗೆ ಪುಸ್ತಕ ತೆಗೆದು ಓದಿದರೆ, ಸ್ಟೀರಿಂಗ್ ಪಕ್ಕದಲ್ಲಿ ಒಂದು ಬಟನ್ ಇದೆ, ಅದನ್ನು ಒತ್ತಿ ಕೆಲವು ಸೆಕೆಂಡ್ ಕಾಯಬೇಕು. ಇಂಥ ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಗಾಳಿಯಾಡದ ಹಾಗೆ ಮುಚ್ಚಿರುತ್ತದೆ. ಮಾಮೂಲಿ ಕಾರಿನಲ್ಲಿ ಟ್ಯಾಂಕಿನ ಆವಿ ಒಂದು ಇದ್ದಿಲ ಡಬ್ಬಿಯಲ್ಲಿ ಕೂತು, ಎಂಜಿನ್ ಓಡಿದಾಗ ಅದರೊಳಗೆ ಹೋಗಿ ಉರಿಯುತ್ತದೆ. ಇಲ್ಲಿ ಎಂಜಿನ್ ದಿನಗಟ್ಟಲೆ ಓಡುವುದಿಲ್ಲವಲ್ಲ, ಆವಿ ಎಲ್ಲಿಗೆ ಹೋಗಬೇಕು? ಅದಕ್ಕೆ ಒಳಗೇ ಒತ್ತಡದಲ್ಲಿ ಕೂಡಿಹಾಕುತ್ತಾರೆ. ಬಟನ್ ಒತ್ತಿದಾಗ ಉಸ್ಸೆಂದು ಅದು ಇಳಿದ ಮೇಲೆ ಮುಚ್ಚಳ ತೆರೆಯುತ್ತದೆ.

ಪೆಟ್ರೋಲ್ ಹಳಸುತ್ತದೆ ಅನ್ನುವುದೂ ನನಗೆ ಹೊಸ ವಿಷಯ. ವೋಲ್ಟ್ ಕಾರಿನವರು ಅದಕ್ಕೇ ಒಂದು ಏರ್ಪಾಡು ಮಾಡಿದ್ದರು. ಆರು ವಾರ ಎಂಜಿನ್ ಓಡದೇ ಇದ್ದರೆ ಕಾರು ತಾನೇ ಕೇಳಿ ಸ್ವಲ್ಪ ಹೊತ್ತು ಓಡಿಸಿಕೊಳ್ಳುತ್ತಿತ್ತು. ಟ್ಯಾಂಕಿನ ಪೆಟ್ರೋಲ್‌ಗೆ ಹೆಚ್ಚುಕಡಿಮೆ ಒಂದು ವರ್ಷ ಆದರೆ, ಅದನ್ನು ಉರಿಸಿ ಮುಗಿಸುತ್ತಿತ್ತು. ಮನೆಯಲ್ಲಿ ಉಳಿದ ಹಿಟ್ಟಿಗೆ ಹುಳ ಬೀಳುವ ಮೊದಲು ದೋಸೆ ಹುಯ್ದು ಮುಗಿಸುವ ಹಾಗೆ.

ಸರ್ವಿಸ್ ವಿಷಯಕ್ಕೆ ಬಂದರೆ, ಎಲೆಕ್ಟ್ರಿಕ್ ಕಾರಿನ ನಿರಾಳ ಇಲ್ಲಿ ಸಿಗುವುದಿಲ್ಲ. ಎಂಜಿನ್ ಇದೆ, ಆಯಿಲ್ ಇದೆ, ಫಿಲ್ಟರ್ ಇದೆ, ಸೈಲೆನ್ಸರ್ ಇದೆ. ಜೊತೆಗೆ ಬ್ಯಾಟರಿ, ಮೋಟಾರ್, ಅದನ್ನು ತಂಪು ಮಾಡುವ ಇನ್ನೊಂದು ವ್ಯವಸ್ಥೆ. ಕಡಿಮೆ ಓಡಿದೆ ಅಂತ ಆಯಿಲ್ ಬದಲಾಯಿಸದೆ ಬಿಡುವ ಹಾಗಿಲ್ಲ. ಎಂಜಿನ್ ಎರಡು ನಿಮಿಷ ಓಡಿ, ಬಿಸಿಯಾಗುವ ಮೊದಲೇ ನಿಂತರೆ ಆಯಿಲ್‌ಗೆ ನೀರಿನ ಪಸೆ, ಪೆಟ್ರೋಲ್ ಸೇರುತ್ತದೆ. ಹಾಗಾಗಿ ಕಿಲೋಮೀಟರ್ ಆಗಲಿ ಬಿಡಲಿ, ವರ್ಷಕ್ಕೊಮ್ಮೆ ಬದಲಾಯಿಸುವುದೇ ಸರಿ. ಮಾಮೂಲಿ ಪೆಟ್ರೋಲ್ ಕಾರಿನ ಒಂದು ದೊಡ್ಡ ಗುಣ ಅಂದರೆ ಅದರ ಸರಳತನ. ಯಾವ ಮೂಲೆಯ ಗ್ಯಾರೇಜಿನವನೂ ಬಾನೆಟ್ ಎತ್ತಿ ಕೈ ಹಾಕುತ್ತಾನೆ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ವೈರು ಕಂಡರೆ ಅವನೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಸರಿಯುವುದೇ ಒಳ್ಳೆಯದು.

ಬ್ಯಾಟರಿ ಬಾಳಿಕೆ ಬಗ್ಗೆ ಎಲ್ಲರಿಗೂ ಭಯ. ಅನೇಕ ಕಂಪನಿಗಳು 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಒಂದು ಮಾತು ನೆನಪಿಡಿ. ದೊಡ್ಡ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ವಾರಕ್ಕೊಂದು ಸಲ ಪೂರ್ತಿ ಖಾಲಿಯಾಗಿ ತುಂಬಿದರೆ, ಪ್ಲಗ್-ಇನ್‌ನ ಚಿಕ್ಕ ಬ್ಯಾಟರಿ ಹೆಚ್ಚುಕಡಿಮೆ ದಿನಾ ಖಾಲಿಯಾಗಿ ತುಂಬುತ್ತದೆ. ಕೆಲಸ ಜಾಸ್ತಿ. ಅದಕ್ಕೇ ಕಂಪನಿಯವರು ಬ್ಯಾಟರಿಯ ಮೇಲೆ, ಕೆಳಗೆ ಸ್ವಲ್ಪ ಪಾಲು ನಮಗೆ ಮುಟ್ಟಲು ಬಿಡುವುದಿಲ್ಲ, ಅಂದರೆ ಅದು ನಿಜವಾಗಿ ಪೂರ್ತಿ ತುಂಬುವುದೂ ಇಲ್ಲ, ಪೂರ್ತಿ ಖಾಲಿಯಾಗುವುದೂ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಕಿಲೋಮೀಟರ್ ಒಂದನ್ನೇ ನೋಡಬೇಡಿ. ಫುಲ್ ಚಾರ್ಜ್ ಹಾಕಿಸಿ, ನೀವೇ ಓಡಿಸಿ, ಎಂಜಿನ್ ಎಷ್ಟನೇ ಕಿಲೋಮೀಟರ್‌ಗೆ ಸ್ಟಾರ್ಟ್ ಆಯಿತು ಅಂತ ಬರೆದುಕೊಳ್ಳಿ. ಡಿಕ್ಕಿಯಲ್ಲಿ ಕೇಬಲ್ ಹೊಸದರ ಹಾಗೆ ಮಿಂಚುತ್ತಿದ್ದರೆ ಬ್ಯಾಟರಿ ಸುಖವಾಗಿ ಇದ್ದಿರಬಹುದು, ಎಂಜಿನ್ ಮಾತ್ರ ಚೆನ್ನಾಗಿ ದುಡಿದಿದೆ ಅಂತ ಅರ್ಥ.

ಇಷ್ಟೆಲ್ಲ ದೂರು ಹೇಳಿದ ಮೇಲೆ, ನಾನು ಯಾಕೆ ತಗೊಂಡೆ?

ಟೆಸ್ಟ್ ಡ್ರೈವ್ ದಿನದ ಮಾತು. ಬೆಳಿಗ್ಗೆ, ಟ್ರಾಫಿಕ್ ಇನ್ನೂ ಶುರುವಾಗಿರಲಿಲ್ಲ. ಸ್ಟಾರ್ಟ್ ಬಟನ್ ಒತ್ತಿದೆ, ಏನೂ ಆಗಲಿಲ್ಲ ಅನ್ನಿಸಿತು. ಕಾರು ಹೊರಟೇಬಿಟ್ಟಿತು. ಟೈರಿನ ಕೆಳಗೆ ಜಲ್ಲಿಕಲ್ಲು ನುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ನಡುಕವಿಲ್ಲ. ಇಪ್ಪತ್ತು ವರ್ಷ ಪೆಟ್ರೋಲ್ ಎಂಜಿನ್ ಮೇಲೆ ಕೂತವನಿಗೆ, ತಾನು ಇಷ್ಟು ವರ್ಷ ಎಂಥ ಗದ್ದಲದಲ್ಲಿದ್ದೆ ಅಂತ ಅವತ್ತು ಗೊತ್ತಾಯಿತು. ಎಲೆಕ್ಟ್ರಿಕ್ ಕಾರೇ ತಗೊಂಡಿದ್ದರೆ ಇದು ಪೂರ್ತಿ ಸಿಗುತ್ತಿತ್ತು, ನಿಜ. ಆದರೆ ನಾನು ಹೋಗುವ ಆ 310 ಕಿಲೋಮೀಟರ್ ದಾರಿಯಲ್ಲಿ ಆಗ ನಂಬುವಂಥ ಚಾರ್ಜರ್ ಇರಲಿಲ್ಲ. ಪ್ಲಗ್-ಇನ್‌ಗಳಲ್ಲಿ ಹೆಚ್ಚಿನವಕ್ಕೆ ಫಾಸ್ಟ್ ಚಾರ್ಜಿಂಗ್ ಇರುವುದಿಲ್ಲ, ಇಲ್ಲದಿದ್ದರೂ ನಡೆಯುತ್ತದೆ. ಮನೆಯ ಸಾಕೆಟ್ಟಿನಲ್ಲಿ ನನ್ನದು ಐದಾರು ಗಂಟೆಯಲ್ಲಿ ತುಂಬುತ್ತದೆ. ಅಷ್ಟು ಹೊತ್ತು ನಾನೂ ನಿದ್ದೆ ಮಾಡುತ್ತಿರುತ್ತೇನೆ.

ದೂರ ಹೋಗುವಾಗ ಒಂದು ಅಭ್ಯಾಸ ಬೆಳೆಸಿಕೊಂಡಿದ್ದೇನೆ. ಕಾರಿನಲ್ಲಿ ಬ್ಯಾಟರಿ ಉಳಿಸಿಡುವ ಬಟನ್ ಒಂದಿದೆ. ಹೈವೇ ಹತ್ತಿದ ತಕ್ಷಣ ಅದನ್ನು ಒತ್ತುತ್ತೇನೆ. ಒಂದೇ ಸಮ ವೇಗದಲ್ಲಿ ಎಂಜಿನ್ ಅಷ್ಟೇನೂ ದಂಡ ಮಾಡುವುದಿಲ್ಲ. ಅಲ್ಲಿ ಅದು ದುಡಿಯಲಿ. ಉಳಿಸಿದ ಚಾರ್ಜನ್ನು ತಲುಪುವ ಊರಿನ ಟ್ರಾಫಿಕ್‌ನಲ್ಲಿ ಬಳಸುತ್ತೇನೆ. ಎಂಜಿನ್‌ನಿಂದಲೇ ಬ್ಯಾಟರಿ ತುಂಬಿಸುವ ಬಟನ್ ಕೂಡ ಇದೆ. ಅದನ್ನು ಒಂದು ಸಲ ಒತ್ತಿ, ಪೆಟ್ರೋಲ್ ಮುಳ್ಳು ಇಳಿಯುವುದು ನೋಡಿ, ಮತ್ತೆ ಮುಟ್ಟಿಲ್ಲ. ಚಳಿ ಜಾಸ್ತಿ ಇದ್ದ ಬೆಳಿಗ್ಗೆ ಹೀಟರ್ ಹಾಕಿದರೆ, ಬ್ಯಾಟರಿ ತುಂಬಿದ್ದರೂ ಎಂಜಿನ್ ಗುರ್ ಅನ್ನುತ್ತದೆ. ಬಿಸಿಗಾಳಿ ಬೇಕು ಅಂತ ಅಷ್ಟು ದೊಡ್ಡ ಎಂಜಿನ್ ಓಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೀಟ್ ಪಂಪ್ (ಎಸಿಯನ್ನು ಉಲ್ಟಾ ಓಡಿಸಿ ಕರೆಂಟ್‌ನಲ್ಲೇ ಬಿಸಿಗಾಳಿ ಕೊಡುವ ಯಂತ್ರ) ಇರುವ ಮಾಡೆಲ್‌ಗಳಲ್ಲಿ ಈ ಕಾಟ ಕಡಿಮೆ. ತಗೊಳ್ಳುವಾಗ ಇದೊಂದನ್ನು ಕೇಳಿ ತಿಳಿದುಕೊಳ್ಳದೆ ಹೋದದ್ದು ನನ್ನ ತಪ್ಪು.

ಹಾಗಂತ ಎಲ್ಲರಿಗೂ ತಗೊಳ್ಳಿ ಅನ್ನಲಾರೆ. ವಾರದಲ್ಲಿ ನಾಲ್ಕು ದಿನ ಹೈವೇಯಲ್ಲೇ ಇರುವವನು ಆ ಇನ್ನೂರು ಕಿಲೋ ಹೆಚ್ಚಿನ ತೂಕವನ್ನು ಸುಮ್ನೆ ಊರೂರು ಹೊತ್ತು ತಿರುಗುತ್ತಾನೆ. ಅವನಿಗೆ ಒಳ್ಳೆಯ ಮಾಮೂಲಿ ಹೈಬ್ರಿಡ್ಡೋ ಡೀಸೆಲ್ಲೋ ಸಾಕು. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿಸುವವನು ಯಾವ ಲೆಕ್ಕದಲ್ಲೂ ಹಾಕಿದ ದುಡ್ಡು ವಾಪಸ್ ನೋಡುವುದಿಲ್ಲ. ಅವನಿಗೆ ಚಿಕ್ಕ ಪೆಟ್ರೋಲ್ ಕಾರೇ ಜಾಣತನ. ಇನ್ನು ಮನೆಯಲ್ಲಿ ಸಾಕೆಟ್ ಇಲ್ಲದವನು, ನಾಳೆ ಹಾಕಿಸಿದರಾಯಿತು ಅನ್ನುವವನು, ಮೊದಲು ಸಾಕೆಟ್ ಹಾಕಿಸಿ ಆಮೇಲೆ ಕಾರಿನ ಮಾತಾಡಲಿ.

ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ತಮ್ಮ ಮಧ್ಯೆ ಮಧ್ಯೆ "ಹೂಂ, ಹೂಂ" ಅಂದ. ಹೂಂ ಅಥವಾ ಊಹೂಂ ಕೇಳಿದವನಿಗೆ ಮುಕ್ಕಾಲು ಗಂಟೆ ಸಿಕ್ಕಿತ್ತು. ಕೊನೆಗೆ, "ಒಂದು ತಿಂಗಳು ಬರ್ದಿಡು. ದಿನದ್ದಲ್ಲ ಕಣೋ, ಕಿಲೋಮೀಟರ್ ಕೂಡು" ಅಂತ ಹೇಳಿ ಇಟ್ಟೆ. ಬರೆಯುತ್ತಾನೆ ಅನ್ನುವ ನಂಬಿಕೆ ನನಗೇನೂ ಇರಲಿಲ್ಲ.

ಮೊನ್ನೆ ಒಂದು ಫೋಟೋ ಬಂತು. ಮಗಳ ಹಳೆ ನೋಟ್‌ಬುಕ್ಕಿನ ಕೊನೆಯ ಪುಟ, ಮೇಲೆ ಚಿಟ್ಟೆಯ ಚಿತ್ರ, ಕೆಳಗೆ ಅವನ ಕೋಳಿಕಾಲು ಅಕ್ಷರದಲ್ಲಿ ಮೂವತ್ತು ಸಾಲು. ಅವನ ಓಡಾಟ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ. ದೂರದ ದಿನ ಒಂದೇ ಒಂದು. ಕೂಡಿ ನೋಡಿದೆ, 100ಕ್ಕೆ 80ರ ಹತ್ತಿರ ಕರೆಂಟ್‌ನಲ್ಲೇ ಹೋಗುತ್ತದೆ. ಫೋನ್ ಮಾಡಿ ಹೇಳಿದೆ.

"ಅದು ಸರಿ ಅಣ್ಣ. ಆ ಚಾರ್ಜಿಂಗ್ ಕೇಬಲ್ ಎಷ್ಟು ಉದ್ದ ಇರುತ್ತೆ?"

"ನಂದು ಐದು ಮೀಟರ್. ಯಾಕೋ?"

"ಪಾರ್ಕಿಂಗ್‌ನಲ್ಲಿ ಸಾಕೆಟ್ ಇರೋದು ಪಂಪ್ ರೂಮಿನ ಗೋಡೆ ಮೇಲೆ. ನಮ್ ಕಾರು ನಿಲ್ಲೋದು ಎರಡು ಕಂಬ ದಾಟಿ." ಆ ಕಡೆಯಿಂದ ಚಪ್ಪಲಿ ಸದ್ದು, ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. "ಇಟ್ಟಿರು, ಟೇಪ್ ಹಿಡ್ಕೊಂಡು ಅಳೆದು ಮತ್ತೆ ಮಾಡ್ತೀನಿ."